ನಿಮ್ಮ ತೊಡೆಗೆ ತಕ್ಕ ಬಸ್ಕಿ

ಜಿಮ್‌ನಲ್ಲಿ ಉದ್ದ ಕಾಲಿನ ಹುಡುಗನೊಬ್ಬ ಹೆಗಲ ಮೇಲೆ ಭಾರದ ಬಾರ್ ಹೊತ್ತು ಸ್ಕ್ವಾಟ್, ಅಂದರೆ ಬಸ್ಕಿ, ಮಾಡುತ್ತಿದ್ದರೆ ಅವನ ಕಿವಿಗೆ ಬೀಳುವುದು ಒಂದೇ ಮಾತು: "ಎದೆ ಎತ್ತು, ಬಾಗಬೇಡ!" ಪಾಪ, ಬಾಗದಿದ್ದರೆ ಅವನು ಹಿಂದಕ್ಕೆ ಬೀಳುತ್ತಾನೆ.

ಇದು ಶಿಸ್ತಿನ ಪ್ರಶ್ನೆ ಅಲ್ಲ, ಮೂಳೆಯ ಲೆಕ್ಕ. ದೊಡ್ಡ ಭಾರ ಹೊತ್ತಾಗ ಬಾರ್ ಹೆಚ್ಚುಕಡಿಮೆ ಪಾದದ ನಡುಭಾಗದ ನೇರಕ್ಕೇ ಇರಬೇಕು, ಇಲ್ಲದಿದ್ದರೆ ಆಯ ತಪ್ಪುತ್ತದೆ. ತೊಡೆ ನೆಲಕ್ಕೆ ಸಮವಾಗುವಷ್ಟು ಕೂತಿದ್ದೀರಿ, ಮಂಡಿ ಪಾದದ ನಡುವಿನಿಂದ 15 ಸೆಂ.ಮೀ. ಮುಂದಿದೆ ಎಂದುಕೊಳ್ಳಿ. ತೊಡೆ 40 ಸೆಂ.ಮೀ. ಇದ್ದರೆ ಸೊಂಟದ ಕೀಲು 25 ಸೆಂ.ಮೀ. ಹಿಂದಿರುತ್ತದೆ. ಸೊಂಟದಿಂದ ಬಾರ್‌ವರೆಗೆ 50 ಸೆಂ.ಮೀ. ಇರುವವರು 30 ಡಿಗ್ರಿ ಬಾಗಿದರೆ ಸಾಕು, ಬಾರ್ ಜಾಗಕ್ಕೆ ಬರುತ್ತದೆ. ತೊಡೆ 48, ಸೊಂಟದಿಂದ ಬಾರ್‌ವರೆಗೆ 46 ಸೆಂ.ಮೀ. ಇರುವವರು? ಸುಮಾರು 46 ಡಿಗ್ರಿ ಬಾಗಲೇಬೇಕು. ಎಷ್ಟು ಕೂಗಿದರೂ ತೊಡೆಮೂಳೆ ಗಿಡ್ಡವಾಗುವುದಿಲ್ಲ, ಅಲ್ವಾ?

ಆದರೆ ಮಂಡಿಯನ್ನು ಇನ್ನೂ 5 ಸೆಂ.ಮೀ. ಮುಂದೆ ಬಿಟ್ಟರೆ ಅದೇ ವ್ಯಕ್ತಿಯ ಬಾಗು 38 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ವೇಟ್‌ಲಿಫ್ಟರ್‌ಗಳ ಶೂ ಹಿಂದೆ ಸುಮಾರು 2 ಸೆಂ.ಮೀ. ಎತ್ತರ ಇರುವುದು ಇದಕ್ಕೇ. ಕಣಕಾಲು ಬಿಗಿ ಇರುವವರಿಗೆ ಅದೊಂದು ದೊಡ್ಡ ಉಪಕಾರ.

"ಮಂಡಿ ಕಾಲ್ಬೆರಳು ದಾಟಬಾರದು" ಎಂದು ಹೆದರಿಸುವವರು ಇದ್ದೇ ಇರುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಏಳು ಜನರ ಮಂಡಿ ಮುಂದೆ ಹೋಗದಂತೆ ಹಲಗೆ ಅಡ್ಡ ಇಟ್ಟು ನೋಡಿದರು. ಮಂಡಿಯ ಮೇಲಿನ ತಿರುಗುಬಲ 150 ನ್ಯೂಟನ್-ಮೀಟರ್‌ನಿಂದ 117ಕ್ಕೆ ಇಳಿಯಿತು, ಸರಿ. ಸೊಂಟದ್ದು? 28ರಿಂದ 303ಕ್ಕೆ ಹಾರಿತು! ಭಾರ ಎಲ್ಲಿಗೂ ಮಾಯವಾಗಲಿಲ್ಲ, ಜಾಗ ಬದಲಿಸಿತು ಅಷ್ಟೇ. ನಮ್ಮ ಗರಡಿ ಮನೆಯ ಪೈಲ್ವಾನರು ಹಿಮ್ಮಡಿ ಎತ್ತಿ, ಮಂಡಿ ಮುಂದೆ ಚಾಚಿಯೇ ಬಸ್ಕಿ ಹೊಡೆಯುತ್ತಾರೆ. ಆದರೆ ಹೆಗಲ ಮೇಲೆ ಕ್ವಿಂಟಲ್ ಭಾರ ಇಟ್ಟುಕೊಂಡಲ್ಲ, ನೆನಪಿರಲಿ. ಮಂಡಿನೋವು ಈಗಾಗಲೇ ಇರುವವರು ಭಾರವನ್ನು ಸೊಂಟದ ಕಡೆ ದಾಟಿಸುವುದು ಜಾಣತನವೇ.

ಬಾರ್ ಇಡುವ ಜಾಗವೂ ಇದೇ ಆಟ ಆಡುತ್ತದೆ. ಕತ್ತಿನ ಬುಡದಲ್ಲಿಟ್ಟರೆ ಬೆನ್ನು ನೆಟ್ಟಗೆ, ತೊಡೆಯ ಮುಂಭಾಗಕ್ಕೆ ಕೆಲಸ ಜಾಸ್ತಿ. ಒಂದೆರಡು ಇಂಚು ಕೆಳಗೆ, ಹೆಗಲಿನ ಹಿಂಭಾಗದಲ್ಲಿಟ್ಟರೆ ಬಾಗು ಹೆಚ್ಚು, ಪೃಷ್ಠಕ್ಕೆ ಕೆಲಸ ಹೆಚ್ಚು. ಒಟ್ಟು ಎಷ್ಟು ಕಿಲೋ ಎತ್ತಿದೆ ಎಂಬುದೇ ಮುಖ್ಯವಾದ ಪವರ್‌ಲಿಫ್ಟಿಂಗ್‌ನಲ್ಲಿ ಹಲವರು ಈ ಎರಡನೆಯದನ್ನೇ ಹಿಡಿಯುತ್ತಾರೆ. ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ ಅವರಿಗೆ ಅದೊಂದೇ ಸಾಲದು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ 61 ಕೆಜಿ ವಿಭಾಗದಲ್ಲಿ ಕಂಚು ಗೆದ್ದಾಗ ಅವರು ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಬಾರನ್ನು ಎದೆಗೇರಿಸಿ, ಆಮೇಲೆ ತಲೆಯ ಮೇಲಕ್ಕೆತ್ತುವುದು) ಎತ್ತಿದ್ದು 151 ಕೆಜಿ. ಆ ಭಾರವನ್ನು ಎದೆಯ ಮೇಲೆ ಹಿಡಿದು, ಕೂತಲ್ಲಿಂದ ಏಳಬೇಕು. ಅಂಥವರಿಗೆ ಬಾರನ್ನು ಮುಂದೆ ಹಿಡಿದು ಮಾಡುವ ಫ್ರಂಟ್ ಸ್ಕ್ವಾಟ್ ಊಟದಷ್ಟೇ ಅಗತ್ಯ.

ಆರಡಿ ಮೂರಿಂಚಿನ ವೇಗದ ಬೌಲರ್‌ಗೆ? ಅವನನ್ನು ಯಾರೂ ಬಾರ್ ಎತ್ತಲು ತಂಡಕ್ಕೆ ತಗೊಂಡಿಲ್ಲ. ಓಡಿ ಬಂದು ಒಂದೇ ಕಾಲಿನ ಮೇಲೆ ದಬಕ್ಕನೆ ಊರುವುದು ಅವನ ಕೆಲಸ. ಹಿಂದಿನ ಕಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್ ಅವನಿಗೆ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ. ಕಡಿಮೆ ಭಾರದಲ್ಲೇ ಕಾಲು ದಣಿಯುತ್ತದೆ, ಬೆನ್ನಿಗೆ ಹೊರೆ ಕಮ್ಮಿ.

ಕಾಲು ಎಷ್ಟು ಅಗಲ ಇಡಬೇಕು ಎನ್ನುವುದಕ್ಕೂ ಒಂದೇ ಉತ್ತರ ಇಲ್ಲ. ಸೊಂಟದ ಕೀಲಿನ ಗುಳಿಯ ಆಳ, ಅದು ಮುಖ ಮಾಡಿರುವ ದಿಕ್ಕು ಒಬ್ಬೊಬ್ಬರದು ಒಂದೊಂದು ಥರ. ಬಾರ್ ಮುಟ್ಟುವ ಮೊದಲು ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿ. ಪಾದ ಹತ್ತಿರ, ದೂರ, ಬೆರಳು ಹೊರಕ್ಕೆ, ನೇರಕ್ಕೆ. ಯಾವುದರಲ್ಲಿ ತೊಡೆಸಂದು ಒತ್ತದೆ, ಸೊಂಟ ಒಳಕ್ಕೆ ಮಡಚಿಕೊಳ್ಳದೆ ಅತಿ ಕೆಳಗೆ ಹೋಗುತ್ತೀರೋ, ಅಲ್ಲಿಂದ ಶುರು ಮಾಡಿ.