ಹುತಾತ್ಮ: ಯಾರಿಗೆ ಸಲ್ಲುವ ಪದ?

ಎರಡನೇ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ ಜರ್ಮನಿಯ ವಿ-2 ರಾಕೆಟ್‌ಗಳಿಗೆ ಸಿಕ್ಕಿ ಸತ್ತ ಲಂಡನ್ ಮತ್ತು ಬೆಲ್ಜಿಯಂನ ಆಂಟ್‌ವರ್ಪ್ ನಗರಗಳ ಜನರನ್ನು ‘ಹುತಾತ್ಮ ನಾಗರಿಕರು’ ಎಂದು ಬರೆದದ್ದನ್ನು ಮೊನ್ನೆ ಮತ್ತೊಮ್ಮೆ ಓದಿದೆ. ಗೌರವದಿಂದಲೇ ಬರೆದಿರುತ್ತಾರೆ, ಆದರೂ ಪದ ತಪ್ಪು.

‘ಹುತ’ ಎಂದರೆ ಬೆಂಕಿಗೆ ಅರ್ಪಿಸಿದ್ದು, ಧಾತು ‘ಹು’. ಹೋಮ, ಹವಿಸ್ಸು, ಆಹುತಿ, ಹೋತೃ ಎಲ್ಲವೂ ಅದೇ ಬೇರಿನವು. ಅರ್ಪಿಸಿದ್ದನ್ನು ಉಣ್ಣುವುದರಿಂದ ಅಗ್ನಿಗೆ ಹುತಾಶನ ಎಂಬ ಹೆಸರು. ಹೋಮದಲ್ಲಿ ಅರ್ಪಿಸುವವನೇ ಬೇರೆ, ಅರ್ಪಿತವಾಗುವ ವಸ್ತುವೇ ಬೇರೆ. ಹುತಾತ್ಮನಲ್ಲಿ ಎರಡೂ ಒಂದೇ: ಆತ ತನ್ನನ್ನು ತಾನೇ ಕೊಟ್ಟುಕೊಂಡವನು. ಪದದ ಜೀವವಿರುವುದು ಆ ಸಂಕಲ್ಪದಲ್ಲಿ. 1938ರಲ್ಲಿ ವಿದುರಾಶ್ವತ್ಥದಲ್ಲಿ ನಿಷೇಧವಿದ್ದರೂ ಧ್ವಜ ಹಾರಿಸಲು ಸೇರಿ ಗುಂಡಿಗೆ ಎದೆಯೊಡ್ಡಿದವರಿಗೆ ಅದು ಪೂರ್ತಿಯಾಗಿ ಸಲ್ಲುತ್ತದೆ.

ನ್ಯೂ ಕ್ರಾಸ್‌ನಲ್ಲಿ ಸತ್ತವರಿಗೆ ಹೇಗೆ ಸಲ್ಲುತ್ತದೆ? 1944ರ ನವೆಂಬರ್ 25, ಶನಿವಾರ. ಲಂಡನ್ನಿನ ಆ ಬಡಾವಣೆಯ ವುಲ್‌ವರ್ತ್ಸ್ ಅಂಗಡಿಗೆ ಅಡುಗೆ ಪಾತ್ರೆಗಳು ಬಂದಿವೆ ಎಂಬ ಸುದ್ದಿ ಹರಡಿತ್ತು. ಯುದ್ಧಕಾಲದಲ್ಲಿ ಅವು ಸಿಗುವುದೇ ಕಷ್ಟ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದು ಸಾಲುಗಟ್ಟಿದ್ದರು. ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ರಾಕೆಟ್ ಬಿತ್ತು. 168 ಮಂದಿ ಸತ್ತರು. ವಿ-2 ಶಬ್ದಕ್ಕಿಂತ ವೇಗವಾಗಿ ಬರುತ್ತಿದ್ದುದರಿಂದ ಅದು ಬರುವ ಸದ್ದು ಕೇಳಿಸುತ್ತಿದ್ದುದೇ ಸ್ಫೋಟದ ನಂತರ. ತಲೆಯೆತ್ತಿ ನೋಡಲೂ ಪುರುಸೊತ್ತಿಲ್ಲದ ಆ ತಾಯಂದಿರು ಯಾವ ಸಂಕಲ್ಪ ಮಾಡಿದ್ದರು? ಅವರ ಪ್ರಾಣವನ್ನು ಇನ್ನೊಬ್ಬರು ಕಿತ್ತುಕೊಂಡರು. ಹುತಾತ್ಮರು ಎಂದೊಡನೆ ಆ ಇನ್ನೊಬ್ಬರು ವಾಕ್ಯದಿಂದಲೇ ನುಣುಚಿಕೊಳ್ಳುತ್ತಾರೆ. ನನ್ನ ಸಿಟ್ಟಿಗೆ ಮುಖ್ಯ ಕಾರಣ ಇದು.

ಆಂಟ್‌ವರ್ಪ್‌ನ ರೆಕ್ಸ್ ಚಿತ್ರಮಂದಿರದಲ್ಲಿ ಅದೇ ವರ್ಷದ ಡಿಸೆಂಬರ್ 16ರಂದು ವಿ-2 ಬಿದ್ದು ಸತ್ತ 567 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸೈನಿಕರು. ಅವರೂ ಆ ಹೊತ್ತಿನಲ್ಲಿ ಸಿನಿಮಾ ನೋಡುತ್ತಿದ್ದರು.

‘ಜರ್ಮನಿಯ ರಾಕೆಟ್‌ಗಳು ಕೊಂದ ನಾಗರಿಕರು’ ಎಂದರೆ ಗೌರವವೇನೂ ಕಡಿಮೆಯಾಗದು. ‘ಬಲಿಯಾದವರು’ ಎಂದರೂ ಸರಿ. ಬಲಿ ಕೊಡುವವನು ಬೇರೆಯೇ ಇರುತ್ತಾನೆ, ಬಲಿಪಶುವಿನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಹಾಗೆಯೇ ‘ಸಂತ್ರಸ್ತ’ದ ಬೇರು ತ್ರಸ್, ಅಂದರೆ ಅಂಜು, ನಡುಗು. ಮನೆಮಠ ಕಳೆದುಕೊಂಡು ಉಳಿದವರಿಗೆ ಅದು ಒಪ್ಪುತ್ತದೆ. ‘ಮೃತ ಸಂತ್ರಸ್ತರು’ ಎಂದು ದಯವಿಟ್ಟು ಬರೆಯಬೇಡಿ.

ವಿ-2ರ ಕಥೆಯಲ್ಲಿ ಹುತಾತ್ಮರೇ ಇಲ್ಲವೆಂದಲ್ಲ. ಆ ರಾಕೆಟ್‌ಗಳನ್ನು ಸುರಂಗದೊಳಗೆ ಜೋಡಿಸುತ್ತಿದ್ದವರು ಮಿಟ್ಟೆಲ್‌ಬಾವ್-ಡೋರಾ ಎಂಬ ನಾಜಿ ಸೆರೆಶಿಬಿರದ ಕೈದಿಗಳು. ಅಲ್ಲಿ ಹಸಿವು, ರೋಗ, ದುಡಿತಗಳಿಂದ ಸತ್ತ ಸಾವಿರಾರು ಜನರು ಕೊಲೆಯಾದವರು. ಆದರೆ ಸಿಕ್ಕಿಬಿದ್ದರೆ ನೇಣು ಖಚಿತ ಎಂದು ತಿಳಿದೂ ಕೆಲವರು ಬಿಡಿಭಾಗಗಳನ್ನು ಬೇಕೆಂದೇ ಕೆಡಿಸಿದರು, ನೇಣಿಗೂ ಏರಿದರು. ಅವರನ್ನು ಹುತಾತ್ಮರೆಂದು ಧಾರಾಳವಾಗಿ ಕರೆಯಿರಿ.