ಲಾರಿ ಇಳಿದ ಕರುವಿಗೆ ಮೊದಲ ಇಂಜೆಕ್ಷನ್

ಅಮೆರಿಕದ ಟೆಕ್ಸಾಸ್, ಕ್ಯಾನ್ಸಸ್, ನೆಬ್ರಾಸ್ಕಾ ರಾಜ್ಯಗಳಲ್ಲಿ ಮಾಂಸಕ್ಕಾಗಿ ದನಗಳನ್ನು ಸಾವಿರಗಟ್ಟಲೆ ಕೂಡಿಹಾಕಿ ಬೆಳೆಸುವ ದೊಡ್ಡಿಗಳಿಗೆ ಫೀಡ್‌ಲಾಟ್ ಎನ್ನುತ್ತಾರೆ. ಅಲ್ಲಿಗೆ ಬರುವ ಎಷ್ಟೋ ಕರುಗಳು ಆಗಷ್ಟೇ ತಾಯಿಯ ಹಾಲು ಬಿಟ್ಟು, ಸಂತೆಯಲ್ಲಿ ಹತ್ತಾರು ಮಂದೆಗಳ ಕರುಗಳೊಡನೆ ಬೆರೆತು, ನೂರಾರು ಕಿಲೋಮೀಟರ್ ದೂರ ಲಾರಿಯಲ್ಲಿ ಬಂದಿರುತ್ತವೆ. ಮೊದಲ ಕೆಲವು ವಾರಗಳಲ್ಲೇ ಅವುಗಳನ್ನು ಕಾಡುವ ಶ್ವಾಸಕೋಶದ ಬೇನೆಗೆ ‘ಶಿಪ್ಪಿಂಗ್ ಫೀವರ್’, ಅಂದರೆ ಸಾಗಾಟದ ಜ್ವರ, ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಇದರ ಮುಖ್ಯ ಕಾರಣವಾದ ಮ್ಯಾನ್‌ಹೈಮಿಯಾ ಹೀಮೊಲಿಟಿಕಾ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ದನದ ಮೂಗಿನಾಳದಲ್ಲೂ ತಣ್ಣಗೆ ಇರುತ್ತದೆ. ದಣಿವು, ಹಸಿವು, ವೈರಸ್ ಸೋಂಕು ಒಟ್ಟಾಗಿ ಮೈಯ ರಕ್ಷಣೆಯನ್ನು ಕುಂದಿಸಿದಾಗ ಅದು ಬೇಗಬೇಗನೆ ಹೆಚ್ಚಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿ ಅದು ಸ್ರವಿಸುವ ಲ್ಯೂಕೋಟಾಕ್ಸಿನ್ ಎಂಬ ವಿಷವು ಬಿಳಿ ರಕ್ತಕಣಗಳನ್ನು ಒಡೆಯುತ್ತದೆ, ಒಡೆದ ಕಣಗಳಿಂದ ಸೋರಿದ ವಸ್ತುಗಳು ಶ್ವಾಸಕೋಶವನ್ನೇ ಸುಡುತ್ತವೆ. ಇದರ ಜೊತೆಗಾರ ಪಾಶ್ಚುರೆಲ್ಲಾ ಮಲ್ಟೊಸಿಡಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ನಮ್ಮ ರೈತರು ಮಳೆಗಾಲದಲ್ಲಿ ಹೆದರುವ ಗಳಲೆ ರೋಗಕ್ಕೂ ಇದರದೇ ಇನ್ನೊಂದು ಬಗೆ ಕಾರಣ.

ಕಷ್ಟವೆಂದರೆ, ದನ ತನ್ನ ಕಾಯಿಲೆಯನ್ನು ಮರೆಮಾಚುತ್ತದೆ. ಜೋತುಬಿದ್ದ ಕಿವಿ, ಒಳಸೇರಿದ ಹೊಟ್ಟೆ, ಮೇವಿನ ಬಾನಿಯಿಂದ ದೂರ ನಿಂತ ಕರು ಕಣ್ಣಿಗೆ ಬೀಳುವ ಹೊತ್ತಿಗೆ ಶ್ವಾಸಕೋಶ ಎಷ್ಟೋ ಕೆಟ್ಟಿರುತ್ತದೆ. ಆದ್ದರಿಂದ ಅಪಾಯ ಹೆಚ್ಚೆಂದು ಕಂಡ ಗುಂಪಿನ ಎಲ್ಲ ಕರುಗಳಿಗೂ, ಕಾಯಿಲೆ ಕಾಣಿಸಿರಲಿ ಬಿಡಲಿ, ಬಂದೊಡನೆ ಟಿಲ್ಮಿಕೋಸಿನ್ ಅಥವಾ ಟುಲಾಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಚುಚ್ಚುವ ರೂಢಿಯಿದೆ. ಇದಕ್ಕೆ ಮೆಟಾಫಿಲ್ಯಾಕ್ಸಿಸ್ ಎಂದು ಹೆಸರು. ಒಂದೇ ಇಂಜೆಕ್ಷನ್ನಿನ ಔಷಧ ಶ್ವಾಸಕೋಶದಲ್ಲಿ ಹಲವು ದಿನ ಉಳಿದು ಕಾಯಿಲೆಯನ್ನೂ ಸಾವನ್ನೂ ತಗ್ಗಿಸುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಆದರೆ ಈ ಎರಡು ಔಷಧಗಳೂ ವೈದ್ಯರು ನಮಗೆ ಬರೆದುಕೊಡುವ ಅಜಿಥ್ರೊಮೈಸಿನ್‌ನ ಬಳಗದವೇ. 2005ರಲ್ಲಿ ನೆಬ್ರಾಸ್ಕಾದ ಫೀಡ್‌ಲಾಟ್ ದನವೊಂದರಲ್ಲಿ ಸಿಕ್ಕ ಪಾಶ್ಚುರೆಲ್ಲಾದೊಳಗೆ, ಔಷಧಗಳಿಗೆ ಜಗ್ಗದಂತೆ ಮಾಡುವ 12 ಜೀನ್‌ಗಳು ಒಂದೇ ಡಿಎನ್‌ಎ ತುಂಡಿನಲ್ಲಿ ಸೇರಿಕೊಂಡಿದ್ದವು. ಆ ತುಂಡು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಹಾಗಾಗಿ ಯಾವುದೋ ಒಂದು ಔಷಧವನ್ನು ಬಳಸಿದರೂ ಉಳಿದ ಔಷಧಗಳನ್ನು ಎದುರಿಸುವ ಶಕ್ತಿಯೂ ಜೊತೆಜೊತೆಗೇ ಹರಡುತ್ತದೆ.

ಐರೋಪ್ಯ ಒಕ್ಕೂಟವು 2022ರ ಜನವರಿ 28ರಿಂದ, ಸೋಂಕು ಹರಡುವ ಅಪಾಯ ಹೆಚ್ಚಿದ್ದು ಬೇರೆ ತಕ್ಕ ದಾರಿಯಿಲ್ಲದಾಗ ಮಾತ್ರ ಗುಂಪಿಗೆ ಇಂಥ ಚಿಕಿತ್ಸೆ ನೀಡಬಹುದೆಂದು ನಿಯಮ ಬಿಗಿಗೊಳಿಸಿದೆ. ನಿಯಮ ಸರಿಯೇ, ಆದರೆ ಕಾಯಿಲೆ ಹುಟ್ಟುವುದು ಸಂತೆ ಮತ್ತು ಲಾರಿಗಳ ನಡುವೆ ಎಂಬುದನ್ನು ನಾವು ಮರೆಯಬಾರದು ಎನಿಸುತ್ತದೆ. ಮಾರುವ ಮುನ್ನ ಹಾಲು ಬಿಡಿಸಿ, ಲಸಿಕೆ ಹಾಕಿಸಿ, ಬಾನಿಯಲ್ಲಿ ತಿನ್ನಲು ಕಲಿಸಿ 45 ದಿನ ಹುಟ್ಟಿದ ಮಂದೆಯಲ್ಲೇ ಉಳಿಸಿಕೊಂಡ ಕರು ಪ್ರಯಾಣವನ್ನು ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಆ ದಿನಗಳ ಮೇವಿನ ಖರ್ಚು ಸಾಕಿದವನದು, ಲಾಭ ಕೊಂಡವನದು. ಸಂತೆಯಲ್ಲಿ ಅಂಥ ಕರುವಿಗೆ ಹೆಚ್ಚು ಬೆಲೆ ಸಿಗದಿದ್ದರೆ ಸಾಕಿದವನು ಹಾಲು ಬಿಡಿಸಿದ ದಿನವೇ ಅದನ್ನು ಲಾರಿ ಹತ್ತಿಸುತ್ತಾನೆ.