ಹತ್ತನೆಯವರ ಹೊಣೆ: ಯಹೂದಿ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿ ನಾಯಕತ್ವ

ಯಹೂದಿ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿ ನಾಯಕತ್ವ ಹೇಗಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆಯುವವರಿಗೆ ಈ ಟಿಪ್ಪಣಿ. ವಿದ್ಯಾರ್ಥಿ ನಾಯಕತ್ವ ಎಂದ ಕೂಡಲೇ ನಾವು ಬರೆಯುವುದು ಚುನಾವಣೆ, ವಿದ್ಯಾರ್ಥಿ ಸಂಘ, ವೇದಿಕೆಯ ಭಾಷಣ. ಅಮೆರಿಕದ ಯಹೂದಿ ಪ್ರೌಢಶಾಲೆಗಳಲ್ಲೂ ಇವೆಲ್ಲ ಉಂಟು. ಆದರೆ ಅಲ್ಲಿಂದ ಹೊರಟರೆ ಈ ವಿಷಯದ ತಿರುಳು ಕೈಗೆ ಸಿಗುವುದಿಲ್ಲ. ಬೆಳಗಿನ ಪ್ರಾರ್ಥನೆಯಿಂದ ಹೊರಡೋಣ.

ಸಂಪ್ರದಾಯದ ಪ್ರಕಾರ ಹುಡುಗ 13ನೇ ವಯಸ್ಸಿಗೆ, ಹುಡುಗಿ 12ಕ್ಕೆ ಧಾರ್ಮಿಕ ಕಟ್ಟಳೆಗಳಿಗೆ ತಾವೇ ಹೊಣೆಯಾಗುತ್ತಾರೆ. ಅಂದರೆ ಒಂಬತ್ತನೇ ತರಗತಿಗೆ ಕಾಲಿಡುವ ಹೊತ್ತಿಗೆ ವಿದ್ಯಾರ್ಥಿ, ಕಾನೂನಿನ ಕಣ್ಣಿನಲ್ಲಿ ಅಲ್ಲದಿದ್ದರೂ, ಧರ್ಮದ ಲೆಕ್ಕದಲ್ಲಿ ವಯಸ್ಕ. ಸಾಮೂಹಿಕ ಪ್ರಾರ್ಥನೆಗೆ ಹತ್ತು ವಯಸ್ಕರ ಕೋರಂ ಬೇಕು. ಅದನ್ನು ಮಿನ್ಯಾನ್ ಎನ್ನುತ್ತಾರೆ. ಒಂಬತ್ತೇ ಮಂದಿ ಇದ್ದರೆ ತೀರಿಕೊಂಡವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆ ಹೇಳುವಂತಿಲ್ಲ, ಸುರುಳಿ ಬಿಚ್ಚಿ ಧರ್ಮಗ್ರಂಥವಾದ ತೋರಾದ ವಾಚನ ಮಾಡುವಂತಿಲ್ಲ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಸಹಪಾಠಿ ಕದ್ದಿಶ್ ಹೇಳಲು ಕಾದು ನಿಂತಿದ್ದರೆ, ತಡವಾಗಿ ಎದ್ದ ಹತ್ತನೆಯವನ ಸೋಮಾರಿತನ ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ಯಾವ ಪದವಿಯೂ ಇಲ್ಲದ ಹುಡುಗನಿಗೆ ತಾನು ಬೇಕಾದವನು ಎಂದು ತಿಳಿಯುವುದು ಇಲ್ಲಿ.

ಪ್ರಾರ್ಥನೆ ನಡೆಸಲು ಧರ್ಮಗುರುವಾದ ರಬ್ಬಿಯೇ ಆಗಬೇಕೆಂಬ ನಿಯಮವಿಲ್ಲ. ವಿದ್ಯಾರ್ಥಿಯೇ ನಡೆಸಬಹುದು, ಸೋಮವಾರ ಮತ್ತು ಗುರುವಾರದ ತೋರಾ ವಾಚನವನ್ನೂ ಮಾಡಬಹುದು. ಸುರುಳಿಯಲ್ಲಿ ಸ್ವರಚಿಹ್ನೆಗಳೂ ಇಲ್ಲ, ರಾಗದ ಗುರುತುಗಳೂ ಇಲ್ಲ. ಮೊದಲೇ ಅಭ್ಯಾಸ ಮಾಡಿ ಬರಬೇಕು. ಅರ್ಥ ಕೆಡುವಂತೆ ಓದಿದರೆ ಅಲ್ಲಿಯೇ ತಿದ್ದುತ್ತಾರೆ, ಓದುವವನು ಹಿಂದೆ ಹೋಗಿ ಮತ್ತೆ ಓದುತ್ತಾನೆ. ಎಲ್ಲರೆದುರು ತಿದ್ದಿಸಿಕೊಂಡು ಮುಂದುವರಿಯುವ ಈ ಅಭ್ಯಾಸವನ್ನು ಯಾವ ನಾಯಕತ್ವ ಶಿಬಿರವೂ ಕೊಡಲಾರದು ಎಂದು ನನ್ನ ಅನಿಸಿಕೆ.

ಗಬ್ಬಾಯ್ ಎಂಬ ಹೊಣೆಯನ್ನು ಮರೆಯದೆ ಗುರುತು ಹಾಕಿಕೊಳ್ಳಿ. ಇಂದು ಯಾರು ಪ್ರಾರ್ಥನೆ ನಡೆಸಬೇಕು, ತೋರಾ ಬಳಿಗೆ ಯಾರನ್ನು ಕರೆಯಬೇಕು ಎಂದು ನೋಡಿಕೊಳ್ಳುವವನು ಗಬ್ಬಾಯ್. ಕಂಠ ಚೆನ್ನಾಗಿರುವವನನ್ನೇ ದಿನವೂ ಕರೆದರೆ ಹಿಂದಿನ ಸಾಲಿನವರು ಹಿಂದೆಯೇ ಉಳಿಯುತ್ತಾರೆ. ಇಲ್ಲಿ ನಾಯಕತ್ವವೆಂದರೆ ಮಾತನಾಡುವುದಕ್ಕಿಂತ ಗಮನಿಸುವುದು.

ಹುಡುಗಿಯರ ಪ್ರಶ್ನೆಯನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಕಟ್ಟಾ ಸಂಪ್ರದಾಯಸ್ಥ ಆರ್ಥಡಾಕ್ಸ್ ಪಂಥದ ಶಾಲೆಗಳಲ್ಲಿ ಮಿನ್ಯಾನ್‌ಗೆ ಗಂಡಸರನ್ನಷ್ಟೇ ಎಣಿಸುತ್ತಾರೆ. ಮಧ್ಯದಾರಿಯ ಕನ್ಸರ್ವೇಟಿವ್ ಪಂಥದ ಧರ್ಮನಿಯಮ ಸಮಿತಿ 1973ರಲ್ಲಿ ಮಹಿಳೆಯರನ್ನೂ ಎಣಿಸಲು ಅನುಮತಿ ಕೊಟ್ಟಿತು. ಉದಾರವಾದಿ ರಿಫಾರ್ಮ್ ಪಂಥದಲ್ಲಿ ಹೆಣ್ಣು ಗಂಡು ಇಬ್ಬರೂ ಸಮಾನರು. ಎಲ್ಲ ಪಂಥಗಳ ಮಕ್ಕಳೂ ಓದುವ ಶಾಲೆಗಳಲ್ಲಿ ಬೇರೆ ಬೇರೆ ಪ್ರಾರ್ಥನಾ ಗುಂಪುಗಳನ್ನು ಮಾಡುವುದುಂಟು. ಆದರೆ ವಾರಾಂತ್ಯದ ಶಬ್ಬಾಟನ್ ಶಿಬಿರದಲ್ಲಿ ಎಲ್ಲರೂ ಒಂದೇ ಸೂರಿನಡಿ ಇರುವಾಗ ಹೇಗೆ? ಒಬ್ಬರ ನಂಬಿಕೆಗೆ ಜಾಗ ಕೊಟ್ಟರೆ ಇನ್ನೊಬ್ಬರ ಎಣಿಕೆ ತಪ್ಪುತ್ತದೆ. ಶಿಕ್ಷಕರು ಆದೇಶ ಹೊರಡಿಸಿ ಮುಗಿಸುವ ಬದಲು ಈ ಇಕ್ಕಟ್ಟನ್ನು ವಿದ್ಯಾರ್ಥಿಗಳ ಮುಂದಿಟ್ಟರೆ ಅದು ನಿಜವಾದ ತರಬೇತಿ.

ವಾದಿಸುವ ತಾಲೀಮು ಅವರಿಗೆ ತರಗತಿಯಲ್ಲೇ ಸಿಕ್ಕಿರುತ್ತದೆ. ಧರ್ಮನಿಯಮಗಳ ಕುರಿತ ಪ್ರಾಚೀನ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುದನ್ನು ಇಬ್ಬಿಬ್ಬರಾಗಿ ಕುಳಿತು ಓದುವ ಪದ್ಧತಿ ಹವ್ರೂಟಾ. ಗೆಳೆಯ ರೇಶ್ ಲಾಕಿಶ್ ತೀರಿಕೊಂಡ ಮೇಲೆ ರಬ್ಬಿ ಯೋಹಾನಾನ್ ದುಃಖಿಸಿದ ಪ್ರಸಂಗ ತಾಲ್ಮುದಿನಲ್ಲೇ ಇದೆ: ತನ್ನ ಒಂದೊಂದು ಮಾತಿಗೂ 24 ಆಕ್ಷೇಪ ಎತ್ತುತ್ತಿದ್ದವನು ಹೋದ, ಈಗ ಬಂದವನು ಬರೀ ಸಮರ್ಥಿಸುತ್ತಾನೆ ಎಂಬುದು ಅವರ ಕೊರಗು. ಪ್ರಾಚೀನ ಪಂಡಿತ ಹಿಲ್ಲೆಲ್ ಅವರ ಪರಂಪರೆಯ ಮಾತು ಗೆದ್ದದ್ದಕ್ಕೆ ತಾಲ್ಮುದಿನಲ್ಲಿ ಕೊಡುವ ಒಂದು ಕಾರಣವೂ ನಮಗೆ ಬೇಕಾದದ್ದೇ: ಅವರು ಎದುರಾಳಿ ಶಮ್ಮಾಯ್ ಪರಂಪರೆಯ ಅಭಿಪ್ರಾಯವನ್ನು ಮೊದಲು ಹೇಳಿ ಆಮೇಲೆ ತಮ್ಮದನ್ನು ಹೇಳುತ್ತಿದ್ದರು.

ಹೊಣೆ ಹಂಚುವುದಕ್ಕೆ ಶಾಸ್ತ್ರಾಧಾರ ಕೇಳಿದರೆ ಬೈಬಲ್ಲಿನ ವಿಮೋಚನಕಾಂಡದ 18ನೇ ಅಧ್ಯಾಯವನ್ನು ಬರೆಯಿರಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ, ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು ಎನ್ನುತ್ತಾನೆ. ಶಾಲೆಯ ಹೊರಗಿನ ಯುವಸಂಘಟನೆಗಳಿಗೆ ಉದಾಹರಣೆ 1924ರಲ್ಲಿ ಅಮೆರಿಕದ ಒಮಾಹಾದಲ್ಲಿ ಆರಂಭವಾದ ಯಹೂದಿ ಹುಡುಗರ ಸಂಘ ಎಝಡ್ಎ (AZA).

ಕೊನೆಯದಾಗಿ ಪೋಲೆಂಡಿನ ಯಹೂದಿ ವೈದ್ಯ, ಶಿಕ್ಷಣತಜ್ಞ ಯಾನುಷ್ ಕೊರ್ಚಾಕ್. ವಾರ್ಸಾದಲ್ಲಿ 1912ರಲ್ಲಿ ತೆರೆದ ಯಹೂದಿ ಅನಾಥಾಲಯದಲ್ಲಿ ಅವರು ಮಕ್ಕಳದೇ ನ್ಯಾಯಾಲಯವನ್ನು ಕಟ್ಟಿದರು. ಅದರ ಸಂಹಿತೆಯಲ್ಲಿ ತಪ್ಪಿತಸ್ಥ ಎಂದು ಹೇಳುವುದು 100ನೇ ಕಲಮಿನಿಂದ; ಅದಕ್ಕೂ ಹಿಂದಿನವು ದೋಷಿಯೆನ್ನದೆ ಬಿಡುವ ಕಲಮುಗಳು. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು, ಕೊರ್ಚಾಕ್ ತಾವೇ ಆ ನ್ಯಾಯಾಲಯದ ಮುಂದೆ ನಿಂತಿದ್ದಾರೆ. ಇದನ್ನು ಪ್ರೌಢಶಾಲೆಯ ಉದಾಹರಣೆ ಎಂದು ಬರೆದರೆ ತಪ್ಪಾಗುತ್ತದೆ. ‘ವಿದ್ಯಾರ್ಥಿಗಳಿಗೆ ನಿಜವಾದ ಅಧಿಕಾರ’ ಎಂಬ ಉಪಶೀರ್ಷಿಕೆಯಡಿ, ವಿದ್ಯಾರ್ಥಿ ಸಮಿತಿಯ ತೀರ್ಮಾನಕ್ಕೆ ಶಿಕ್ಷಕರೂ ಬದ್ಧರೇ ಎಂಬ ಪ್ರಶ್ನೆಯ ಜೊತೆಗೆ ಸೇರಿಸಿ.